ಮಾಸಿನ ರಿಪೋರ್ಟ್, ಎನ್‌ಕೆ ಸೆಲ್ ಟೆಸ್ಟ್, ಎರಡನೇ ಬಸುರು: ತಿಳಿದವರು ಹೇಳಿ

ಕಿತ್ತಳೆಸಿಪ್ಪೆ, ಗೋಣಿಕೊಪ್ಪ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಮೊದಲ ಬಸುರಿನಲ್ಲಿ ಏಳನೇ ತಿಂಗಳವರೆಗೆ ಎಲ್ಲ ಸರಿಯಿತ್ತು. 31ನೇ ವಾರದಲ್ಲಿ ಬಿಪಿ 170/110 ಆಯಿತು. ಮೂತ್ರದಲ್ಲಿ ಪ್ರೋಟೀನ್ ಕಾಣಿಸಿತು. ರಾತ್ರೋರಾತ್ರಿ ಆಂಬುಲೆನ್ಸ್‌ನಲ್ಲಿ ತಿತಿಮತಿ ದಾಟಿ ಮೈಸೂರಿಗೆ ಹೋದೆವು. ಅಲ್ಲಿ ಆಪರೇಷನ್ ಮಾಡಿ ಮಗು ತೆಗೆದರು. ಮಗಳು ಈಗ ಚೆನ್ನಾಗಿದ್ದಾಳೆ, ಕಣದಲ್ಲಿ ಕೋಳಿ ಅಟ್ಟಿಸಿಕೊಂಡು ಓಡುತ್ತಾಳೆ.

ಈಗ ಎರಡನೆಯದರ ಯೋಚನೆ. ಹಳೇ ಫೈಲ್ ತೆಗೆದು ನೋಡಿದೆ. ಮಾಸನ್ನು (ಪ್ಲಾಸೆಂಟಾ) ಲ್ಯಾಬಿಗೆ ಕಳಿಸಿದ್ದರಂತೆ, ರಿಪೋರ್ಟ್ ಅದರಲ್ಲೇ ಇತ್ತು. ‘ಡೆಸಿಡುವಲ್ ವ್ಯಾಸ್ಕುಲೋಪತಿ, ಅಕ್ಯೂಟ್ ಅಥೆರೋಸಿಸ್, ಫೋಮಿ ಮ್ಯಾಕ್ರೋಫೇಜ್’ ಅಂತ ಬರೆದಿದ್ದಾರೆ. ಹಾಗಂದರೇನು ಅಂತ ಅವತ್ತು ಯಾರೂ ಹೇಳಲಿಲ್ಲ. ಕೇಳುವ ಸ್ಥಿತಿಯಲ್ಲಿ ನಾನೂ ಇರಲಿಲ್ಲ.

ಮೊನ್ನೆ ಒಂದು ಕ್ಲಿನಿಕ್‌ಗೆ ಹೋದಾಗ, ‘ನಿಮ್ಮ ಇಮ್ಯುನಿಟಿ ಜಾಸ್ತಿ, ಗಂಡನ ಅಂಶವನ್ನು ದೇಹ ಒಪ್ಪುತ್ತಿಲ್ಲ’ ಅಂದರು. ರಕ್ತದಲ್ಲಿ ಎನ್‌ಕೆ ಸೆಲ್ (ಒಂದು ಬಗೆಯ ರೋಗನಿರೋಧಕ ಕಣ) ಟೆಸ್ಟ್ ಮಾಡಿಸಿ, ಆಮೇಲೆ ಇಂಟ್ರಾಲಿಪಿಡ್ ಅನ್ನುವ ಕೊಬ್ಬಿನ ದ್ರಾವಣದ ಡ್ರಿಪ್, ಸ್ಟೀರಾಯ್ಡ್ ಅಂತ ಚೀಟಿ ಬರೆದರು. ಖರ್ಚು ಕೇಳಿ ತಲೆ ತಿರುಗಿತು. ಮನೆಯಲ್ಲಿ ಅತ್ತೆ ‘ರಕ್ತ ಹೊಂದಿಲ್ಲ, ನಾನು ಅವತ್ತೇ ಹೇಳಿದ್ದೆ’ ಅಂತ ಶುರು ಮಾಡಿದ್ದಾರೆ.

ನನ್ನ ಇಮ್ಯುನಿಟಿ ನಿಜಕ್ಕೂ ಜಾಸ್ತಿಯಾ? ಅದನ್ನು ಕಡಿಮೆ ಮಾಡಬೇಕಾ?

ರೊಬಸ್ಟಾ ಅಣ್ಣ, ಪೊನ್ನಂಪೇಟೆ

ಇದಕ್ಕೆ ಗಾಳಿಬೀಡು ಅವರೇ ಸರಿ. ಮಾಸು ಅಂದರೆ ಎಲ್ಲಿದ್ದರೂ ಬರುತ್ತಾರೆ.

ಗಾಳಿಬೀಡು

ಬಂದೆ ಅಣ್ಣ. ನಾನು ಬೆಂಗಳೂರಿನಲ್ಲಿ ಪ್ಯಾಥಾಲಜಿಯಲ್ಲಿದ್ದೇನೆ, ಮಾಸಿನ ಸ್ಲೈಡ್ ನೋಡುವುದು ದಿನದ ಕೆಲಸ. ಕಿತ್ತಳೆಸಿಪ್ಪೆ, ನಾನು ನಿಮ್ಮ ಡಾಕ್ಟರ್ ಅಲ್ಲ. ಮಾತ್ರೆಯ ವಿಷಯ ಅವರ ಹತ್ತಿರವೇ ಮಾತಾಡಿ. ರಿಪೋರ್ಟ್ ಓದಿ ಹೇಳಬಲ್ಲೆ.

ಮಾಸು ಹೊರಗೆ ಬರುವಾಗ ಗರ್ಭಕೋಶದ ಒಳಪದರದ ಚೂರುಗಳು ಅದರ ಹಿಂಬದಿಗೆ ಅಂಟಿಕೊಂಡು ಬರುತ್ತವೆ. ಆ ಪದರಕ್ಕೆ ಬಸುರಿನಲ್ಲಿ ಡೆಸಿಡುವಾ ಅನ್ನುತ್ತೇವೆ. ಅದು ಮಗುವಿನದಲ್ಲ, ಅಮ್ಮನದು. ಅದರೊಳಗೆ ಅಮ್ಮನ ಸಣ್ಣ ರಕ್ತನಾಳಗಳಿರುತ್ತವೆ. ನಿಮ್ಮ ರಿಪೋರ್ಟ್ ಬರೆದವರು ನೋಡಿದ್ದು ಅದನ್ನೇ. ಮೈಕ್ರೋಸ್ಕೋಪ್ ಕೆಳಗೆ ಆ ನಾಳದ ಗೋಡೆ ಕಡು ಗುಲಾಬಿ ಬಣ್ಣಕ್ಕೆ ತಿರುಗಿ ಮಸುಕಾಗಿ ಕಾಣುತ್ತದೆ. ಗೋಡೆಯೊಳಗೆ ದಪ್ಪಗೆ ಊದಿದ, ಹೊಟ್ಟೆ ತುಂಬ ಸಣ್ಣ ಸಣ್ಣ ಗುಳ್ಳೆ ತುಂಬಿದ ತಿಳಿ ಬಣ್ಣದ ಕಣಗಳು. ಅವೇ ಫೋಮಿ ಮ್ಯಾಕ್ರೋಫೇಜ್. ಕೊಬ್ಬು ನುಂಗಿದ ರೋಗನಿರೋಧಕ ಕಣಗಳು. ಪಕ್ಕದಲ್ಲಿ ಲಿಂಫೋಸೈಟ್ ಅನ್ನುವ ಒಂದಷ್ಟು ಬಿಳಿ ರಕ್ತಕಣಗಳು ಗುಂಪು ಕಟ್ಟಿರುತ್ತವೆ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ನಿಮಗಾದದ್ದು ಪ್ರಿಎಕ್ಲಾಂಪ್ಸಿಯಾ, ಅಂದರೆ ಬಸುರಿನಲ್ಲಿ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಸೋರುವ ಕಾಯಿಲೆ. ಅದು ಆದ ಎಲ್ಲರಲ್ಲೂ ನಾಳ ಹೀಗೆ ಕಾಣುವುದಿಲ್ಲ, ಕೆಲವರಲ್ಲಿ ಮಾತ್ರ. ಇದ್ದರೆ ಸಾಮಾನ್ಯವಾಗಿ ಅರ್ಥ ಇಷ್ಟು: ಆ ನಾಳಗಳು ಬಸುರಿನ ಮೊದಲರ್ಧದಲ್ಲಿ ಆಗಬೇಕಿದ್ದ ಹಾಗೆ ಬದಲಾಗಿಲ್ಲ. ‘ಇಮ್ಯುನಿಟಿ ಜಾಸ್ತಿ’ ಅಂತ ಆ ರಿಪೋರ್ಟ್ ಎಲ್ಲೂ ಹೇಳುತ್ತಿಲ್ಲ.

ಕಿತ್ತಳೆಸಿಪ್ಪೆ

ಬದಲಾಗಬೇಕಿತ್ತು ಅಂದರೆ ಹೇಗೆ?

ಗಾಳಿಬೀಡು

ಒಳಪದರದಲ್ಲಿ ಸುರುಳಿ ಸುರುಳಿಯಾದ ನಾಳಗಳಿವೆ. ಬಸುರು ಇಲ್ಲದಾಗ ಅವು ಸಪೂರ. ಗೋಡೆಯಲ್ಲಿ ಸ್ನಾಯು ಇರುತ್ತದೆ, ಬೇಕೆಂದಾಗ ಬಿಗಿಯುತ್ತವೆ. ಬಸುರಾದ ಮೇಲೆ ಆ ಸ್ನಾಯು ಕರಗಬೇಕು, ಬಾಯಿ ಐದರಿಂದ ಹತ್ತು ಪಟ್ಟು ಅಗಲವಾಗಬೇಕು. ಈ ಕೆಲಸ ಹೆಚ್ಚು ಕಡಿಮೆ 20ನೇ ವಾರದೊಳಗೆ ಮುಗಿಯುತ್ತದೆ. ತುಂಬು ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರ್‌ಗಿಂತ ಜಾಸ್ತಿ ರಕ್ತ ಹೋಗಬೇಕಲ್ವಾ, ಸಪೂರ ನಾಳ ಸಾಲದು.

ಈ ಕೆಲಸವನ್ನು ಮಾಡುವವರಲ್ಲಿ ಒಬ್ಬರು ಮಾಸಿನ ಕಡೆಯಿಂದ ಒಳಪದರಕ್ಕೆ ಇಳಿದು ಬರುವ ಮಗುವಿನ ಕಣಗಳು, ಟ್ರೋಫೋಬ್ಲಾಸ್ಟ್ ಅಂತ ಹೆಸರು. ಇನ್ನೊಬ್ಬರು, ಇಲ್ಲೇ ನೋಡಿ ಮಜಾ ಇರುವುದು, ಅಮ್ಮನ ಎನ್‌ಕೆ ಸೆಲ್‌ಗಳು. ನಿಮ್ಮ ಕ್ಲಿನಿಕ್‌ನವರು ಕಡಿಮೆ ಮಾಡೋಣ ಅಂದ ಅದೇ ಸೆಲ್.

ಮೊದಲ ಮೂರು ತಿಂಗಳಲ್ಲಿ ಒಳಪದರದಲ್ಲಿರುವ ಬಿಳಿ ರಕ್ತಕಣಗಳಲ್ಲಿ ಸುಮಾರು 70% ಇವೇ. ಎನ್‌ಕೆ ಅಂದರೆ ನ್ಯಾಚುರಲ್ ಕಿಲ್ಲರ್. ಹೆಸರು ಕೇಳಿದರೆ ಯಾರಿಗಾದರೂ ಭಯವಾಗುತ್ತದೆ, ಆ ಭಯದ ಮೇಲೇ ಎಷ್ಟೋ ಬಿಲ್‌ಗಳು ಆಗುತ್ತಿವೆ. ಆದರೆ ಗರ್ಭಕೋಶದ ಎನ್‌ಕೆ ಕೊಲ್ಲುವುದರಲ್ಲಿ ಬಹಳ ಮಂದ. ನಾಳದ ಗೋಡೆ ಸಡಿಲ ಮಾಡುವ, ಟ್ರೋಫೋಬ್ಲಾಸ್ಟನ್ನು ಕರೆಯುವ ರಾಸಾಯನಿಕಗಳನ್ನು ಬಿಡುವುದು ಅದರ ಕೆಲಸ. ಕೆನಡಾದ ಆನ್ ಕ್ರಾಯ್ ಅವರ ತಂಡ 1990ರ ದಶಕದಲ್ಲಿ ಎನ್‌ಕೆ ಸೆಲ್ ಇಲ್ಲದ ಇಲಿಗಳನ್ನು ನೋಡಿತು. ಅವುಗಳ ಗರ್ಭಕೋಶದ ನಾಳಗಳು ಅಗಲವಾಗಲೇ ಇಲ್ಲ.

ರೊಬಸ್ಟಾ ಅಣ್ಣ

ಅಂದರೆ ಹೂವಿಗೆ ನೀರು ಹೊಡೆಯುವಾಗ ಸ್ಪ್ರಿಂಕ್ಲರ್‌ಗೆ ಸಣ್ಣ ಪೈಪ್ ಹಾಕಿದ ಹಾಗೆ. ಗಿಡಕ್ಕೆ ನೀರು ಸಾಲುವುದಿಲ್ಲ.

ಗಾಳಿಬೀಡು

ಸಾಲದೇ ಇರುವುದು ಅರ್ಧ ಕಥೆ ಅಣ್ಣ. ಸಣ್ಣ ಬಾಯಿಂದ ನೀರು ಹೇಗೆ ಬರುತ್ತದೆ ಹೇಳಿ? ರಭಸ ಜಾಸ್ತಿ. ಇಲ್ಲೂ ಹಾಗೇ. ರಕ್ತ ಮೆಲ್ಲಗೆ ತುಂಬಿಕೊಳ್ಳುವ ಬದಲು ಜೋರಾಗಿ ಚಿಮ್ಮುತ್ತದೆ. ಮಾಸಿನ ನವಿರಾದ ಎಳೆಗಳಿಗೆ ಅದರಿಂದ ಪೆಟ್ಟು. ಮೇಲಿಂದ ನಾಳ ಆಗಾಗ ಬಿಗಿಯುವುದರಿಂದ ಆಮ್ಲಜನಕ ಒಮ್ಮೆ ಬಂದು ಒಮ್ಮೆ ನಿಲ್ಲುತ್ತದೆ.

ಹಾಗೆ ಏಟು ತಿಂದ ಮಾಸು ಅಮ್ಮನ ರಕ್ತಕ್ಕೆ ಎಸ್‌ಫ್ಲಿಟ್-1 ಅನ್ನುವ ಪ್ರೋಟೀನ್ ಸುರಿಯುತ್ತದೆ. ಅದು ಪಿಎಲ್‌ಜಿಎಫ್ ಅನ್ನುವ, ರಕ್ತನಾಳವನ್ನು ಸುಸ್ಥಿತಿಯಲ್ಲಿಡುವ ಇನ್ನೊಂದು ಪ್ರೋಟೀನನ್ನು ಹೀರಿಬಿಡುತ್ತದೆ. ಆಗ ಅಮ್ಮನ ಮೈತುಂಬ ನಾಳಗಳು ಕೆಡುತ್ತವೆ. ಬಿಪಿ ಏರುತ್ತದೆ, ಕಿಡ್ನಿಯಿಂದ ಪ್ರೋಟೀನ್ ಸೋರುತ್ತದೆ, ತಲೆನೋವು, ಕಣ್ಣಿಗೆ ಮಿಂಚು. ಇದನ್ನು 2003ರಲ್ಲಿ ತೋರಿಸಿದ್ದು ಅಮೆರಿಕದಲ್ಲಿರುವ ನಮ್ಮ ದೇಶದ ಮೂಲದ ಅನಂತ್ ಕರುಮಂಚಿ ಅವರ ತಂಡ. ಎಸ್‌ಫ್ಲಿಟ್ ಮತ್ತು ಪಿಎಲ್‌ಜಿಎಫ್ ಪ್ರಮಾಣ ನೋಡುವ ರಕ್ತಪರೀಕ್ಷೆ ಈಗ ದೊಡ್ಡ ಆಸ್ಪತ್ರೆಗಳಲ್ಲಿ ಸಿಗುತ್ತದೆ.

ಅಂದರೆ ನಿಮಗೆ 31ನೇ ವಾರದಲ್ಲಿ ಬಿಪಿ ಏರಿದ್ದು ಆ ವಾರದ ಕಾಯಿಲೆಯಲ್ಲ. ಮೂರು ನಾಲ್ಕನೇ ತಿಂಗಳಲ್ಲೇ ಸುದ್ದಿಯಿಲ್ಲದೆ ಆಗಿಹೋದದ್ದು. ನೀವು ಉಪ್ಪಿನಕಾಯಿ ತಿಂದಿದ್ದಕ್ಕಲ್ಲ, ಯೋಚನೆ ಮಾಡಿದ್ದಕ್ಕಲ್ಲ, ಮದುವೆ ಮನೆಗೆ ಹೋಗಿ ಕುಣಿದಿದ್ದಕ್ಕಂತೂ ಅಲ್ಲವೇ ಅಲ್ಲ.

ಕಿತ್ತಳೆಸಿಪ್ಪೆ

ಕುಣಿದಿದ್ದೆ ಅಂತ ನಿಮಗೆ ಯಾರು ಹೇಳಿದರು 😀 ಅತ್ತೆ ಅದನ್ನೂ ಪಟ್ಟಿಗೆ ಸೇರಿಸಿದ್ದಾರೆ.

ಹಾಗಾದರೆ ‘ಗಂಡನ ಅಂಶ’ ಅನ್ನುವುದು ಪೂರ್ತಿ ಸುಳ್ಳಾ?

ಗಾಳಿಬೀಡು

ಪೂರ್ತಿ ಸುಳ್ಳಲ್ಲ, ತಲೆಕೆಳಗಾಗಿ ಹೇಳಿದ್ದಾರೆ ಅಷ್ಟೇ.

ಮಗುವಿನ ಅರ್ಧ ಅಂಶ ಅಪ್ಪನದು, ಬೇರೆಯವರ ಕಿಡ್ನಿಯನ್ನು ದೇಹ ತಳ್ಳಿಹಾಕುವಾಗ ಮಗುವನ್ನು ಯಾಕೆ ತಳ್ಳುವುದಿಲ್ಲ ಅಂತ ಪೀಟರ್ ಮೆಡಾವರ್ 1953ರಲ್ಲಿ ಕೇಳಿದರು. ಮುಂದೆ 1960ರಲ್ಲಿ ಅವರಿಗೆ ನೊಬೆಲ್ ಬಂತು, ಅದು ಬೇರೆ ಕೆಲಸಕ್ಕೆ. ಈ ಪ್ರಶ್ನೆಯಿಂದಲೇ ‘ತಾಯಿಯ ಇಮ್ಯುನಿಟಿ ಮಲಗಬೇಕು, ಇಲ್ಲದಿದ್ದರೆ ಮಗು ಉಳಿಯದು’ ಅನ್ನುವ ಯೋಚನೆ ಬೇರೂರಿತು. ನಿಮ್ಮ ಕ್ಲಿನಿಕ್ ಇನ್ನೂ ಅಲ್ಲೇ ಇದೆ.

ಟ್ರೋಫೋಬ್ಲಾಸ್ಟ್ ಕಣಗಳ ಮೈಮೇಲೆ ಎಚ್‌ಎಲ್‌ಎ-ಸಿ ಅನ್ನುವ ಗುರುತು ಇರುತ್ತದೆ. ಅದರಲ್ಲಿ ಒಂದು ಅಪ್ಪನಿಂದ ಬಂದದ್ದು. ಅಮ್ಮನ ಎನ್‌ಕೆ ಸೆಲ್ ಮೇಲೆ ಅದನ್ನು ಗುರುತಿಸುವ ಕೆಐಆರ್ ಅನ್ನುವ ಗ್ರಾಹಕಗಳಿರುತ್ತವೆ. ಕೆಲವು ಗ್ರಾಹಕ ಎನ್‌ಕೆಯನ್ನು ಎಬ್ಬಿಸುತ್ತವೆ, ಕೆಲವು ತಡೆಯುತ್ತವೆ. ಕೇಂಬ್ರಿಡ್ಜ್‌ನ ಆಶ್ಲಿ ಮಾಫೆಟ್ ಅವರ ತಂಡ 2004ರಲ್ಲಿ ಒಂದು ವಿಷಯ ಪ್ರಕಟಿಸಿತು. ಅಮ್ಮನಲ್ಲಿ ಕೆಐಆರ್-ಎಎ ಮಾದರಿ ಇದ್ದು, ಮಗುವಿನಲ್ಲಿ ಎಚ್‌ಎಲ್‌ಎ-ಸಿಯ ಸಿ2 ಬಗೆ ಇದ್ದರೆ ಪ್ರಿಎಕ್ಲಾಂಪ್ಸಿಯಾ ಅಪಾಯ ಜಾಸ್ತಿ. ಯಾಕೆ? ಆ ಜೋಡಿಯಲ್ಲಿ ಎನ್‌ಕೆ ಸೆಲ್ ತೀರಾ ತಡೆಹಿಡಿದ ಸ್ಥಿತಿಯಲ್ಲಿರುತ್ತದೆ. ಕೆಲಸ ಮಾಡದು. ಮುಂದಿನ ಅಧ್ಯಯನಗಳಲ್ಲಿ ಎಬ್ಬಿಸುವ ಗ್ರಾಹಕ ಇದ್ದ ಅಮ್ಮಂದಿರ ಮಕ್ಕಳು ಹುಟ್ಟುವಾಗ ದಪ್ಪ ಇದ್ದದ್ದೂ ಕಂಡಿತು.

ನೋಡಿದಿರಾ? ತೊಂದರೆ ಎನ್‌ಕೆ ಜೋರಾಗಿದ್ದರಿಂದಲ್ಲ, ಸುಮ್ಮನೆ ಕೂತದ್ದರಿಂದ. ಅಂಥದ್ದರಲ್ಲಿ ಅದನ್ನು ಇನ್ನೂ ಅಡಗಿಸಲು ಸ್ಟೀರಾಯ್ಡ್ ಯಾಕೆ ಅಂತ ನನಗೆ ಅರ್ಥವಾಗುವುದಿಲ್ಲ. ಹಾಗಂತ ಓಡಿಹೋಗಿ ಕೆಐಆರ್ ಟೆಸ್ಟ್ ಮಾಡಿಸಬೇಡಿ. ಆ ಜೋಡಿ ಇದ್ದೂ ಆರಾಮಾಗಿ ಹೆತ್ತವರು ಬೇಕಾದಷ್ಟು ಜನ. ಫಲಿತಾಂಶ ಬಂದರೂ ಬದಲಿಸುವುದಕ್ಕೆ ಏನೂ ಇಲ್ಲ.

ನಾಪೋಕ್ಲು ನಿವಾಸಿ

ಮೇಡಂ, ತಪ್ಪು ತಿಳಿಯಬೇಡಿ. ನಮ್ಮದು ಬಿಪಿ ಅಲ್ಲ, ಗರ್ಭಪಾತದ ಕಥೆ. ಮನೆಯವಳಿಗೆ ಮೂರು ಸಲ ಹೋಯಿತು. ನನ್ನ ರಕ್ತದಿಂದ ಬಿಳಿ ಕಣ ತೆಗೆದು ಅವಳಿಗೆ ಇಂಜೆಕ್ಷನ್ ಕೊಟ್ಟರು. ನಾಲ್ಕನೆಯದು ನಿಂತಿತು, ಮಗ ಈಗ ಎಲ್‌ಕೆಜಿ. ಕೆಲಸ ಮಾಡಲ್ಲ ಅಂತ ಹೇಗೆ ಹೇಳುವುದು?

ಗಾಳಿಬೀಡು

ಮಗನಿಗೆ ಒಳ್ಳೆಯದಾಗಲಿ. ನಿಮ್ಮ ಪ್ರಶ್ನೆ ನ್ಯಾಯವಾದದ್ದೇ, ಖುಷಿಯ ಹೊತ್ತಿನಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ.

ಕಾರಣ ಸಿಗದೆ ಮೂರು ಸಲ ಗರ್ಭಪಾತವಾದವರಲ್ಲೂ, ಏನೂ ಚಿಕಿತ್ಸೆ ಇಲ್ಲದೆ ಮುಂದಿನ ಬಸುರು ನಿಲ್ಲುವುದು ಹತ್ತರಲ್ಲಿ ಆರೇಳು ಜನರಿಗೆ. ಹಾಗಾಗಿ ಆ ಹೊತ್ತಿಗೆ ಏನು ಕೊಟ್ಟರೂ ಅದಕ್ಕೇ ಹೆಸರು ಬರುತ್ತದೆ. ನೀವು ಹೇಳಿದ ಇಂಜೆಕ್ಷನ್ ಲಿಂಫೋಸೈಟ್ ಚಿಕಿತ್ಸೆ. ಅಮೆರಿಕದ ಎಫ್‌ಡಿಎ 2002ರಲ್ಲೇ ಸಂಶೋಧನೆಯ ಹೊರಗೆ ಅದನ್ನು ನಿಲ್ಲಿಸಿತು. ಯುರೋಪಿನ ತಜ್ಞರ ಸಂಘ ಎಶ್ರೆ ಕೂಡ ಮಾಡಬೇಡಿ ಅಂತಲೇ ಹೇಳುತ್ತದೆ. ಪ್ರಯೋಜನ ಕಾಣಲಿಲ್ಲ, ಬೇರೆಯವರ ಕಣ ಚುಚ್ಚುವುದರಿಂದ ಅಪಾಯ ಇದೆ.

ಇನ್ನು ರಕ್ತದ ಎನ್‌ಕೆ ಟೆಸ್ಟ್. ರಕ್ತದಲ್ಲಿ ಓಡಾಡುವ ಎನ್‌ಕೆ ಬೇರೆ ಜಾತಿಯದು, ಅದು ನಿಜವಾಗಿ ಕೊಲ್ಲುತ್ತದೆ. ಒಳಪದರದ್ದು ಬೇರೆ. ತೋಳಿನ ರಕ್ತ ತೆಗೆದು ಗರ್ಭಕೋಶದಲ್ಲಿ ಏನಾಗುತ್ತಿದೆ ಅಂತ ಹೇಳಲು ಆಗುವುದಿಲ್ಲ. ಮೆಟ್ಟಿಲು ಹತ್ತಿ ಬಂದು ರಕ್ತ ಕೊಟ್ಟರೂ ಆ ಸಂಖ್ಯೆ ಮೇಲೆ ಹೋಗುತ್ತದೆ. ಲ್ಯಾಬ್‌ಗೆ ಬರುವಾಗ ಬಸ್ ಹಿಡಿಯಲು ಓಡಿದ್ದರೆ ನಿಮಗೆ ‘ಇಮ್ಯುನಿಟಿ ಜಾಸ್ತಿ’!

ಮೊದಲ ತಿಂಗಳುಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧ, ಮಗುವಿನ ವರ್ಣತಂತುಗಳ ಲೆಕ್ಕ ತಪ್ಪಿದ್ದರಿಂದ ಆಗುವುದು. ಅದರಲ್ಲಿ ಯಾರ ಇಮ್ಯುನಿಟಿಯದೂ ಏನೂ ಇಲ್ಲ.

ನಾಪೋಕ್ಲು ನಿವಾಸಿ

ಒಪ್ಪಿದೆ. ಆದರೂ ಆ ಡಾಕ್ಟರ್ ಮೇಲೆ ನನಗೆ ಕೋಪ ಬರುತ್ತಿಲ್ಲ. ಆ ಸಮಯದಲ್ಲಿ ಕೂರಿಸಿ ಮಾತಾಡಿಸಿದವರು ಅವರೊಬ್ಬರೇ.

ಗಾಳಿಬೀಡು

ಅದೂ ನಿಜ. ಮಾತಾಡಿಸುವುದಕ್ಕೆ ಇಂಜೆಕ್ಷನ್ ಬೇಕಿಲ್ಲ ಅನ್ನುವುದಷ್ಟೇ ನನ್ನ ತಕರಾರು.

ಶನಿವಾರಸಂತೆ ಸೊಸೆ

ಮಧ್ಯೆ ಒಂದು ಪ್ರಶ್ನೆ. ‘ರಕ್ತ ಹೊಂದಿಲ್ಲ’ ಅಂತ ಅತ್ತೆ ಹೇಳಿದ್ದು ನೆಗೆಟಿವ್ ಗುಂಪಿನ ವಿಷಯ ಇರಬಹುದಾ? ನಾನು ಬಿ ನೆಗೆಟಿವ್, ಇವರು ಪಾಸಿಟಿವ್.

ಸಿದ್ದಾಪುರ ಸಿಸ್ಟರ್

ಅದು ಬೇರೆ ಲೆಕ್ಕ ತಂಗಿ. ಅಮ್ಮ ನೆಗೆಟಿವ್, ಮಗು ಪಾಸಿಟಿವ್ ಆದರೆ ಅಮ್ಮನ ದೇಹ ಮಗುವಿನ ಕೆಂಪು ರಕ್ತಕಣದ ವಿರುದ್ಧ ಪ್ರತಿಕಾಯ ಮಾಡಬಹುದು. ತೊಂದರೆ ಸಾಮಾನ್ಯವಾಗಿ ಮುಂದಿನ ಮಗುವಿಗೆ. ಅದಕ್ಕೆ ಆಂಟಿ-ಡಿ ಇಂಜೆಕ್ಷನ್ ಇದೆ. 28ನೇ ವಾರಕ್ಕೆ ಒಂದು, ಮಗು ಪಾಸಿಟಿವ್ ಅಂತ ಗೊತ್ತಾದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು. ಗರ್ಭಪಾತವಾದರೂ ತಪ್ಪಿಸಬೇಡಿ. ಬಿಪಿಗೂ ಇದಕ್ಕೂ ಸಂಬಂಧ ಇಲ್ಲ.

ನಾನು ಎಸ್ಟೇಟ್ ಏರಿಯಾದಲ್ಲಿ ಕೆಲಸ ಮಾಡುವವಳು. ಮೇಲಿನ ವಿಜ್ಞಾನ ಓದಿ ಖುಷಿಯಾಯಿತು. ಆದರೆ ಕಾರ್ಮಿಕರ ಲೈನ್ ಮನೆಗಳಿಗೆ ಹೋದಾಗ ನಾನು ನೋಡುವುದು ತಾಯಿ ಕಾರ್ಡಿನಲ್ಲಿ ಬಿಪಿ ಬರೆಯುವ ಜಾಗ. ಎಷ್ಟೋ ಕಾರ್ಡಿನಲ್ಲಿ ಅದು ಖಾಲಿ. ತೂಕ ಇದೆ, ಹಿಮೋಗ್ಲೋಬಿನ್ ಇದೆ, ಬಿಪಿ ಇಲ್ಲ. ಕಾಫಿ ಕೊಯ್ಲಿನ ಸಮಯದಲ್ಲಿ ದಿನಗೂಲಿ ಬಿಟ್ಟು ಬರುವುದು ಯಾರಿಗೂ ಸುಲಭ ಅಲ್ಲ. ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಡಾಕ್ಟರ್ ನೋಡುವ ದಿನ, 2016ರಿಂದ ಇದೆ. ಅವತ್ತು ಒಂದು ದಿನ ಕಳಿಸಿಕೊಡಿ ಅಂತ ಕೆಲಸ ನೋಡಿಕೊಳ್ಳುವ ಎಸ್ಟೇಟ್ ರೈಟರ್ ಹತ್ತಿರ ಜಗಳ ಮಾಡಿದ್ದೇನೆ.

140/90 ದಾಟಿದರೆ ‘ನಡೆದು ಬಂದಿದ್ದಕ್ಕೆ ಇರಬಹುದು’ ಅಂತ ಬಿಡಬೇಡಿ. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಲು ಹೇಳಿ. ತಡೆಯದ ತಲೆನೋವು, ಕಣ್ಣು ಮಂಜು, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಮುಖ ದಿಢೀರ್ ಊದುವುದು, ಇದರಲ್ಲಿ ಯಾವುದಾದರೂ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಇದೆ, ಅದು ಹೊತ್ತಿಗೆ ಸರಿಯಾಗಿ ಸಿಗಬೇಕು.

ಇನ್ನೊಂದು, ನಗಬೇಡಿ. ಕೊಡವರ ಕಕ್ಕಡ ತಿಂಗಳ 18ಕ್ಕೆ ಮದ್ದು ಸೊಪ್ಪಿನ ಪಾಯಸ ತಿಂದು ಮಾರನೇ ದಿನ ಮೂತ್ರ ಪರೀಕ್ಷೆಗೆ ಬರುತ್ತೀರಿ. ಆ ಸೊಪ್ಪಿನ ಬಣ್ಣಕ್ಕೆ ಡಬ್ಬಿಯಲ್ಲಿ ಕೆಂಪು ಮೂತ್ರ. ನಾವು ಪ್ರೋಟೀನ್ ನೋಡುವುದು ಮೂತ್ರದಲ್ಲಿ ಅದ್ದುವ ಪಟ್ಟಿಯ ಬಣ್ಣದಲ್ಲಿ, ಅದರಲ್ಲಿ ಏನು ಕಾಣುತ್ತೆ ಹೇಳಿ? ಬಣ್ಣ ಹೋದ ಮೇಲೆ ಬನ್ನಿ. ಬಂದೇ ಬಿಟ್ಟಿದ್ದರೆ ಪಾಯಸ ತಿಂದಿದ್ದೇನೆ ಅಂತ ಬಾಯಿಬಿಟ್ಟು ಹೇಳಿ.

ಕೂಟುಹೊಳೆ

ಎತ್ತರದ ಊರುಗಳಲ್ಲಿ ಪ್ರಿಎಕ್ಲಾಂಪ್ಸಿಯಾ ಜಾಸ್ತಿ ಅಂತ ಓದಿದ್ದೆ. ನಮ್ಮ ಮಡಿಕೇರಿಗೂ ಅನ್ವಯಿಸುತ್ತಾ?

ಗಾಳಿಬೀಡು

ಆ ಅಧ್ಯಯನಗಳು ಕೊಲರಾಡೊ, ಆಂಡಿಸ್ ಕಡೆಯವು, 2500 ಮೀಟರ್‌ಗಿಂತ ಮೇಲೆ. ಮಡಿಕೇರಿ ಸುಮಾರು 1150 ಮೀಟರ್. ಗೋಣಿಕೊಪ್ಪ ಇನ್ನೂ ಕೆಳಗೆ. ಚಳಿಗೆ ಸ್ವೆಟರ್ ಸಾಕು.

ಕಿತ್ತಳೆಸಿಪ್ಪೆ

ಒಂದು ಅರ್ಥವಾಗಲಿಲ್ಲ. ಇಷ್ಟೆಲ್ಲ ಗೊತ್ತಿದ್ದರೂ ಒಳಪದರವನ್ನೇ ಮೊದಲೇ ಪರೀಕ್ಷೆ ಮಾಡಿ ಯಾಕೆ ಹೇಳುವುದಿಲ್ಲ?

ಗಾಳಿಬೀಡು

ಒಳ್ಳೇ ಪ್ರಶ್ನೆ, ಇಡೀ ಕ್ಷೇತ್ರದ ತಲೆನೋವು ಇದೇ. ಕೆಡುವುದು ಮೂರು ನಾಲ್ಕನೇ ತಿಂಗಳಲ್ಲಿ. ಆಗ ಹೊಟ್ಟೆಯಲ್ಲಿ ಮಗು ಇರುವಾಗ ಒಳಪದರಕ್ಕೆ ಸೂಜಿ ಹಾಕಿ ಚೂರು ತೆಗೆಯಲಾಗದು. ನಮಗೆ ಸಿಗುವುದು ಹೆರಿಗೆಯಾದ ಮೇಲೆ. ಅಷ್ಟು ಹೊತ್ತಿಗೆ ತಿಂಗಳುಗಟ್ಟಲೆ ಬಿಪಿ, ಉರಿಯೂತ ಎಲ್ಲ ಆಗಿರುತ್ತದೆ. ಪ್ರಿಎಕ್ಲಾಂಪ್ಸಿಯಾದ ಒಳಪದರದಲ್ಲಿ ಇಮ್ಯುನಿಟಿಯನ್ನು ಹದದಲ್ಲಿಡುವ ಟಿ-ರೆಗ್ ಕಣಗಳು ಕಡಿಮೆ ಅಂತ ಹಲವು ಅಧ್ಯಯನಗಳು ಹೇಳುತ್ತವೆ. ಮ್ಯಾಕ್ರೋಫೇಜ್‌ಗಳು ಉರಿಯೂತದ ಕಡೆ ವಾಲಿರುತ್ತವೆ ಅಂತಲೂ ಇದೆ. ಅದು ಕಾಯಿಲೆಗೆ ಕಾರಣವಾ, ಕಾಯಿಲೆಯ ಪರಿಣಾಮವಾ? ಕೊನೆಗೆ ಸಿಕ್ಕ ಮಾಸು ನೋಡಿ ಅದನ್ನು ಬೇರ್ಪಡಿಸುವುದು ಕಷ್ಟ. ನಿಮ್ಮ ಫೋಮಿ ಮ್ಯಾಕ್ರೋಫೇಜ್‌ಗೂ ಇದೇ ಮಾತು.

ಮೊದಲ ತಿಂಗಳುಗಳ ಒಳಪದರ ಸಿಗುವುದು ಗರ್ಭಪಾತ ಮಾಡಿಸಿಕೊಂಡು ಸಂಶೋಧನೆಗೆ ಒಪ್ಪಿಗೆ ಕೊಟ್ಟವರಿಂದ. 2018ರಲ್ಲಿ ಬ್ರಿಟನ್‌ನಲ್ಲಿ ಹಾಗೆ ಸಿಕ್ಕ ಸುಮಾರು 70,000 ಕಣಗಳನ್ನು ಒಂದೊಂದಾಗಿ ಓದಿದರು. ಎನ್‌ಕೆಯಲ್ಲೇ ಮೂರು ಬಗೆ ಕಂಡವು. ಆದರೆ ಆ ಬಸುರುಗಳು ಮುಂದುವರಿದಿದ್ದರೆ ಯಾರಿಗೆ ಬಿಪಿ ಬರುತ್ತಿತ್ತು ಅಂತ ಹೇಳಲಾಗದು, ಅಲ್ವಾ?

ಈಗ ನಿಮ್ಮ ವಿಷಯ. 34 ವಾರಕ್ಕೆ ಮೊದಲೇ ಪ್ರಿಎಕ್ಲಾಂಪ್ಸಿಯಾದಿಂದ ಹೆರಿಗೆ ಮಾಡಿಸಬೇಕಾಗಿ ಬಂದವರಿಗೆ ನಿಜವಾಗಿ ಬೇಕಾದ ಇಮ್ಯುನಿಟಿ ಟೆಸ್ಟ್ ಒಂದಿದೆ, ಅದನ್ನು ನಿಮ್ಮ ಕ್ಲಿನಿಕ್ ಚೀಟಿಯಲ್ಲಿ ಬರೆದೇ ಇಲ್ಲ. ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುವ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳು: ಲೂಪಸ್ ಆಂಟಿಕೋಯಾಗ್ಯುಲಂಟ್, ಆಂಟಿಕಾರ್ಡಿಯೋಲಿಪಿನ್, ಬೀಟಾ-2 ಗ್ಲೈಕೋಪ್ರೋಟೀನ್. ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೆ ಮಾಡಿಸಿ ಖಾತ್ರಿ ಮಾಡಿಕೊಳ್ಳಬೇಕು. ಇದ್ದರೆ ಆಸ್ಪಿರಿನ್ ಜೊತೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ ಕೊಡುತ್ತಾರೆ. ಮೂರು ಸಲ ಗರ್ಭಪಾತವಾದವರಿಗೂ ಇದೇ ಮೊದಲ ಟೆಸ್ಟ್ ಆಗಬೇಕು.

ಅದು ನೆಗೆಟಿವ್ ಬಂದರೂ ನಿಮಗೆ ಕಡಿಮೆ ಡೋಸ್ ಆಸ್ಪಿರಿನ್ ವಿಷಯ ಡಾಕ್ಟರ್ ಹತ್ತಿರ ಮಾತಾಡಲೇಬೇಕು. 2017ರ ಆಸ್ಪ್ರೆ ಅನ್ನುವ ದೊಡ್ಡ ಪ್ರಯೋಗದಲ್ಲಿ ಅಪಾಯ ಜಾಸ್ತಿ ಇದ್ದವರಿಗೆ 11ರಿಂದ 14ನೇ ವಾರದೊಳಗೆ ಶುರು ಮಾಡಿ 36ರವರೆಗೆ ರಾತ್ರಿ 150 ಮಿಲಿಗ್ರಾಂ ಕೊಟ್ಟರು. 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾದ ಪ್ರಿಎಕ್ಲಾಂಪ್ಸಿಯಾ 62% ಕಡಿಮೆಯಾಯಿತು. ಐದನೇ ತಿಂಗಳಲ್ಲಿ ಹೋಗಿ ಕೇಳಿದರೆ ತಡವಾಯಿತು. ನಾಳಗಳ ಕೆಲಸ ಅಷ್ಟರಲ್ಲಿ ಮುಗಿದಿರುತ್ತದೆ. ಮೆಡಿಕಲ್‌ಗೆ ಹೋಗಿ ನೀವೇ ತಗೊಳ್ಳಬೇಡಿ, ಅಸ್ತಮಾ ಅಥವಾ ಹೊಟ್ಟೆಹುಣ್ಣು ಇದ್ದವರಿಗೆ ಆಗದೇ ಇರಬಹುದು.

ಮತ್ತೆ ಬರುವ ಸಾಧ್ಯತೆ ಒಟ್ಟಾರೆ ಆರರಲ್ಲಿ ಒಬ್ಬರಿಗೆ. ನಿಮ್ಮ ಹಾಗೆ ಬೇಗ ಆದವರಿಗೆ ಅದಕ್ಕಿಂತ ಜಾಸ್ತಿ. ಹೆದರಿಸಲು ಹೇಳುತ್ತಿಲ್ಲ, ಎಲ್ಲಿ ಹೆರಿಗೆ ಅನ್ನುವುದನ್ನು ಮೊದಲೇ ಯೋಚಿಸಿ ಅಂತ. ರಾತ್ರಿ ತಿತಿಮತಿ ಕಾಡು ದಾಟುವ ಪರಿಸ್ಥಿತಿ ಈ ಸಲ ಬೇಡ.

ಸಿದ್ದಾಪುರ ಸಿಸ್ಟರ್

ಕ್ಯಾಲ್ಸಿಯಂ ಮಾತ್ರೆ ಮರೆಯಬೇಡಿ. 14ನೇ ವಾರದಿಂದ ದಿನಕ್ಕೆ ಎರಡು ಸರ್ಕಾರಿ ಆಸ್ಪತ್ರೆಯಲ್ಲೇ ಕೊಡುತ್ತಾರೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಕಡೆ ಅದರಿಂದಲೂ ಪ್ರಿಎಕ್ಲಾಂಪ್ಸಿಯಾ ಕಡಿಮೆಯಾಗುತ್ತದೆ. ಕಬ್ಬಿಣದ ಮಾತ್ರೆ ಜೊತೆ ಒಟ್ಟಿಗೆ ನುಂಗಬೇಡಿ, ಎರಡಕ್ಕೂ ನಡುವೆ ಗ್ಯಾಪ್ ಇರಲಿ. ಮನೆಗೊಂದು ತೋಳಿಗೆ ಕಟ್ಟುವ ಬಿಪಿ ಮಿಷನ್ ತಗೊಳ್ಳಿ. ಬಸುರಿ ಅಲ್ಲದಾಗಲೂ ವರ್ಷಕ್ಕೊಮ್ಮೆ ನೋಡಿಸಿ. ಒಮ್ಮೆ ಈ ತೊಂದರೆ ಬಂದವರಿಗೆ ವಯಸ್ಸಾದ ಮೇಲೆ ಬಿಪಿ, ಹಾರ್ಟ್ ತೊಂದರೆ ಜಾಸ್ತಿ.

ಕಿತ್ತಳೆಸಿಪ್ಪೆ

ಡ್ರಿಪ್‌ಗೆ ಬುಕ್ ಮಾಡಿದ್ದು ಕ್ಯಾನ್ಸಲ್ ಮಾಡಿದೆ. ಅಡ್ವಾನ್ಸ್ ವಾಪಸ್ ಕೊಡಲ್ಲ ಅಂತಿದ್ದಾರೆ, ಅದು ಬೇರೆ ಜಗಳ. ಆಂಟಿಫಾಸ್ಫೋಲಿಪಿಡ್ ಟೆಸ್ಟ್‌ಗೆ ಮೈಸೂರಿನ ಹಳೇ ಡಾಕ್ಟರ್‌ಗೇ ಫೋನ್ ಮಾಡಿ ಬರುವ ವಾರ ಬರುತ್ತೇನೆ ಅಂದಿದ್ದೇನೆ. ಮಾಸಿನ ಸ್ಲೈಡ್ ಇನ್ನೂ ಲ್ಯಾಬಿನಲ್ಲಿ ಇರುತ್ತಾ? ಬೇರೆಯವರಿಗೆ ತೋರಿಸಬಹುದಾ?

ಗಾಳಿಬೀಡು

ಸ್ಲೈಡ್ ಮತ್ತು ಮೇಣದ ಬ್ಲಾಕ್ ಎರಡನ್ನೂ ಲ್ಯಾಬ್‌ನವರು ಸಾಮಾನ್ಯವಾಗಿ ವರ್ಷಗಟ್ಟಲೆ ಇಟ್ಟಿರುತ್ತಾರೆ. ರಿಪೋರ್ಟಿನ ಮೇಲೆ ಬಲಗಡೆಯೋ ಎಡಗಡೆಯೋ ಒಂದು ಹಿಸ್ಟೋಪ್ಯಾಥಾಲಜಿ ನಂಬರ್ ಇರುತ್ತದೆ. ಅದನ್ನು ಬರೆದು, ಡಿಸ್ಚಾರ್ಜ್ ಸಮ್ಮರಿಯ ಜೆರಾಕ್ಸ್ ಲಗತ್ತಿಸಿ ಅರ್ಜಿ ಕೊಡಿ. ಬ್ಲಾಕ್ ಕೊಡಲು ಒಪ್ಪದಿದ್ದರೆ ಅದರಿಂದ ಹೊಸ ಸ್ಲೈಡ್ ಕತ್ತರಿಸಿ ಕೊಡಿ ಅಂತ ಕೇಳಿ.

ರೊಬಸ್ಟಾ ಅಣ್ಣ

ಅಡ್ವಾನ್ಸ್ ವಿಷಯಕ್ಕೆ ರಸೀದಿ ಇದೆಯಾ ತಂಗಿ? ಇದ್ದರೆ ಮಡಿಕೇರಿ ಗ್ರಾಹಕರ ಆಯೋಗಕ್ಕೆ ದೂರು ಹೇಗೆ ಕೊಡುವುದು ಅಂತ ಬೇರೆ ಪೋಸ್ಟ್ ಹಾಕುತ್ತೇನೆ.